ಮೂಗಿಗಿಂತ ಮೊದಲು ಮುಂಗಾಲು ನೋಡಿ

ಕೊಟ್ಟೂರೇಶ್ವರನ ತೇರು ಎಳೆದು ಮುಗಿಯಿತೆಂದರೆ ನಮ್ಮ ಕಡೆ ಬಿಸಿಲಿಗೆ ಬಾಗಿಲು ತೆರೆದಂತೆ. ಏಪ್ರಿಲ್ ಹೊತ್ತಿಗೆ ಉಷ್ಣಾಂಶ 40 ಡಿಗ್ರಿಯ ಆಸುಪಾಸು ಬಂದು ಕೂರುತ್ತದೆ. ಮಧ್ಯಾಹ್ನ ಹನ್ನೆರಡರ ಮೇಲೆ ಕುರಿ ಹಿಂಡೂ ಬೇವಿನ ಮರದ ಬುಡ ಬಿಟ್ಟು ಏಳುವುದಿಲ್ಲ. ಅಂಥದ್ದೊಂದು ಮಧ್ಯಾಹ್ನ ಪಕ್ಕದ ಮನೆಯ ಹುಡುಗಿ ಬಿಸ್ಕತ್ತಿನ ರಟ್ಟಿನ ಡಬ್ಬಿ ಅವಚಿಕೊಂಡು ನಮ್ಮ ಪಡಸಾಲೆಗೆ ಓಡಿ ಬಂದಳು. "ಮಾವಾ, ಇದಕ್ಕ ದಮ್ಮು ಹತ್ತೈತಿ ನೋಡು."

ಡಬ್ಬಿಯಲ್ಲಿ ಎರಡು ಬಿಳಿ ಮೊಲದ ಮರಿ, ಏಳೆಂಟು ವಾರದವು. ಒಂದು ಕೊತ್ತಂಬರಿ ದಂಟು ಕಡಿಯುತ್ತ ನಿಶ್ಚಿಂತೆಯಿಂದಿತ್ತು. ಇನ್ನೊಂದು ಮೂಲೆ ಹಿಡಿದು, ಕತ್ತು ಮುಂದಕ್ಕೆ ಚಾಚಿ, ಮೂಗು ಮೇಲೆತ್ತಿ ಕೂತಿತ್ತು. ಪಕ್ಕೆ ಕಮ್ಮಾರನ ತಿದಿಯಂತೆ ಆಡುತ್ತಿತ್ತು. ನಾನು ಮೂಗು ನೋಡಲು ಹೋಗಲಿಲ್ಲ, ಮುಂಗಾಲು ಹಿಡಿದು ತಿರುಗಿಸಿದೆ. ಪಾದದ ಒಳಮೈಯ ಕೂದಲು ಗಂಜಿ ಹಾಕಿದ ಬಟ್ಟೆಯಂತೆ ಅಂಟಿಕೊಂಡು ಬಿರುಸಾಗಿತ್ತು. ಅಂದರೆ ಕಾಯಿಲೆ ಇವತ್ತಿನದಲ್ಲ, ನಾಲ್ಕಾರು ದಿನದ್ದು. ಮೂಗು ಸೋರಿದಾಗಲೆಲ್ಲ ಮೊಲ ಮುಂಗಾಲಿನಿಂದ ಒರೆಸಿಕೊಳ್ಳುತ್ತದೆ. ಮೂಗು ಚೊಕ್ಕಟ ಕಂಡರೂ ಸಾಕ್ಷಿ ಕಾಲಲ್ಲಿ ಉಳಿದಿರುತ್ತದೆ.

ಅಷ್ಟರಲ್ಲಿ ಹುಡುಗಿಯ ತಾತ ಬಂದರು. "ನೆಗಡಿ ಅಷ್ಟ. ಮೆಣಸು ಬೆಲ್ಲ ತೇದು ನೆಕ್ಕಿಸಿದ್ರ ಹೋಗ್ತೈತಿ." ಅವರ ಹಿಂದೆಯೇ ಅಪ್ಪ, ಕೈಯಲ್ಲಿ ಹೋದ ತಿಂಗಳು ಮಗಳ ಕೆಮ್ಮಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಸಿರಪ್. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾಯಮಾನ ಇಬ್ಬರದೂ. ಆ ಸಿರಪ್ ಒಳಗೆ ಹೋಗಿದ್ದರೆ ನೆಗಡಿಗಿಂತ ಮೊದಲು ಅದೇ ಮರಿಯನ್ನು ಒಯ್ಯಬಹುದಿತ್ತು. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ನಾನು ಪಶುವೈದ್ಯನಲ್ಲ. ಬಹಳ ವರ್ಷ ಮೊಲ ಸಾಕಿ, ಕೆಲವನ್ನು ಉಳಿಸಿಕೊಂಡು ಕೆಲವನ್ನು ಕಳೆದುಕೊಂಡು, ವೈದ್ಯರ ಮುಂದೆ ಕೂತು ಕೇಳಿ ಕಲಿತವನು. ಆಸ್ಪತ್ರೆ ಮುಟ್ಟುವ ಮುಂಚೆ ಮನೆಯಲ್ಲಿ ಏನು ನೋಡಬೇಕು, ಏನು ಮಾಡಬೇಕು, ಯಾವುದಕ್ಕೆ ಕೈ ಹಾಕಲೇಬಾರದು ಎಂಬಷ್ಟೇ ಇಲ್ಲಿದೆ.

ಉಸಿರು ಎಣಿಸುವುದು

ಮನುಷ್ಯನಿಗೆ ಮೂಗು ಕಟ್ಟಿದರೆ ಬಾಯಿ ತೆರೆದು ಮಲಗುತ್ತಾನೆ, ಬೆಳಗಾಗುತ್ತದೆ. ಮೊಲಕ್ಕೆ ಆ ಅನುಕೂಲವಿಲ್ಲ. ಅದರ ಗಂಟಲಿನ ರಚನೆಯೇ ಹಾಗೆ. ಶ್ವಾಸನಾಳದ ಬಾಯಿ ಅಂಗಳದ ಮೇಲ್ಬದಿಗೆ ಹೊಂದಿಕೊಂಡಿದ್ದು, ಗಾಳಿ ಮೂಗಿನಿಂದಲೇ ನೇರ ಇಳಿಯಬೇಕು. ಮೂಗು ಕಟ್ಟಿದ ಮೊಲ ಉಣ್ಣುವುದನ್ನೂ ಬಿಡುತ್ತದೆ, ವಾಸನೆ ಹಿಡಿಯದ ಮೇವು ಅದಕ್ಕೆ ಮೇವೇ ಅಲ್ಲ. ಬಾಯಿ ತೆರೆದು ಉಸಿರಾಡುವ ಮೊಲ ಕಂಡರೆ ಅದು ಕೊನೆಯ ಬಾಗಿಲು ತಟ್ಟುತ್ತಿದೆ ಎಂದೇ ತಿಳಿಯಿರಿ. ಸಂಜೆಗೆ ನೋಡೋಣ ಅನ್ನುವ ಮಾತಿಲ್ಲ. ಮೇಲಾಗಿ ಮೊಲ ಬೇಟೆಗೆ ಗುರಿಯಾಗುವ ಪ್ರಾಣಿ. ನೋವು, ಸಂಕಟ ತೋರಿಸಿಕೊಂಡರೆ ನರಿ ಬಾಯಿಗೆ ಬೀಳುತ್ತೇನೆಂಬ ಭಯ ಅದರ ರಕ್ತದಲ್ಲಿದೆ. ನಿನ್ನೆಯವರೆಗೂ ಚೆನ್ನಾಗಿತ್ತು ಎಂದು ಜನ ಹೇಳುವುದು ಸುಳ್ಳಲ್ಲ, ಅದು ತೋರಿಸಲಿಲ್ಲ ಅಷ್ಟೆ.

ಹಾಗಾಗಿ ಎಣಿಸಬೇಕು. ಮರಿ ಆರಾಮಾಗಿ ಮಲಗಿದಾಗ, ಮುಟ್ಟದೆ, ಪಕ್ಕೆ ಏರಿ ಇಳಿಯುವುದನ್ನು ಒಂದೆಂದು ಲೆಕ್ಕ ಹಿಡಿದು ಮೊಬೈಲಿನ ಗಡಿಯಾರದಲ್ಲಿ 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರಿಂದ 60 ಇದ್ದರೆ ಸರಿ; ಎಳೆ ಮರಿಗಳು ಮೇಲಿನ ಅಂಚಿನಲ್ಲಿರುತ್ತವೆ. ಬಹಳ ಜನ ಮೂಗು ಮಿಡಿಯುವುದನ್ನೇ ಎಣಿಸಿ ಗಾಬರಿಯಾಗುತ್ತಾರೆ. ಮೂಗಿನ ಮಿಡಿತ ವಾಸನೆ ಹಿಡಿಯಲು, ಅದು ನಿಮಿಷಕ್ಕೆ ನೂರು ದಾಟಿದರೂ ದೋಷವಲ್ಲ. ನಾಯಿ ಬೊಗಳಿದ ಮೇಲೋ ಮಕ್ಕಳು ಅಟ್ಟಿಸಿದ ಮೇಲೋ ಉಸಿರು ಜೋರಾದರೆ ಕಾಲು ಗಂಟೆ ಕತ್ತಲಲ್ಲಿ ಬಿಟ್ಟು ನೋಡಿ, ಇಳಿಯಬೇಕು. ಇಳಿಯದಿದ್ದರೆ, ಪ್ರತಿ ಉಸಿರಿಗೂ ತಲೆ ಹಿಂದಕ್ಕೆ ವಾಲುತ್ತಿದ್ದರೆ, ತುಟಿ ನಾಲಗೆ ನೀಲಿಗೆ ತಿರುಗಿದ್ದರೆ ಡಬ್ಬಿ ಎತ್ತಿಕೊಂಡು ಹೊರಡುವುದೇ ಸರಿ.

ಸದ್ದಿಗೂ ಕಿವಿ ಕೊಡಿ. ಹುಲ್ಲಿನ ದೂಳಿಗೆ ಒಂದೆರಡು ಸೀನು ಬಂದು, ಮೂಗಿನಲ್ಲಿ ನೀರಿನಂಥ ಹನಿ ಕಂಡರೆ ಅದು ದೂಳು. ದಿನಕ್ಕೆ ಹತ್ತಾರು ಸೀನು, ಬಿಳಿ ಅಥವಾ ಹಳದಿ ಗೊಣ್ಣೆ, ನಿದ್ದೆಯಲ್ಲಿ ಗೊರಗೊರ ಸದ್ದು, ಅಂಟಿದ ಮುಂಗಾಲು, ಇವು ಕೂಡಿದರೆ ಸೋಂಕು. ಇಂಗ್ಲಿಷಿನಲ್ಲಿ ಸ್ನಫಲ್ಸ್ ಅನ್ನುತ್ತಾರೆ. ಮುಖ್ಯ ಕಾರಣ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ. ಬಾರ್ಡೆಟೆಲ್ಲಾದಂಥ ಬೇರೆಯವೂ ಜೊತೆಗೂಡುತ್ತವೆ. ಬಹಳಷ್ಟು ಮೊಲಗಳ ಮೂಗಿನಲ್ಲಿ ಈ ಜೀವಾಣು ತೆಪ್ಪಗೆ ಮನೆ ಮಾಡಿಕೊಂಡಿರುತ್ತದೆ, ತಾಯಿಯಿಂದ ಮರಿಗೆ ಬರುತ್ತದೆ. ಮರಿಯನ್ನು ಬೇಗ ತಾಯಿಯಿಂದ ಬಿಡಿಸಿ, ಬುಟ್ಟಿಯಲ್ಲಿ ತುಂಬಿ, ಬಸ್ಸಿನ ಮೇಲೆ ಹಾಕಿ ಊರೂರು ಸುತ್ತಿಸಿ ಸಂತೆಯಲ್ಲಿ ಬಿಸಿಲಿಗೆ ಇಟ್ಟಾಗ ಅದು ತಲೆ ಎತ್ತುತ್ತದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ಮರಿ ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ, ಮಾರುವವರೂ ಮೂರು ನಾಲ್ಕು ವಾರದವನ್ನೇ ತರುತ್ತಾರೆ. ಎಂಟು ವಾರ ತುಂಬದ ಮರಿ ಕೊಳ್ಳಬೇಡಿ. ಕೊಳ್ಳುವಾಗ ಮುಂಗಾಲು ತಿರುಗಿಸಿ ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ.

ಬಿಸಿಲು, ಉಚ್ಚೆ, ಹೊಟ್ಟು

ನನ್ನ ಅನುಭವ ಕೇಳಿದರೆ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಎಂಬ ನಮ್ಮ ಈ ಐದು ತಾಲ್ಲೂಕಿನಲ್ಲಿ ಜೀವಾಣುವಿನಷ್ಟೇ ದೊಡ್ಡ ಶತ್ರು ನಾವು ಕಟ್ಟಿಕೊಡುವ ಮನೆ. ಮೊಲಕ್ಕೆ ಹಿತವಾದ ಹವೆ 15ರಿಂದ 21 ಡಿಗ್ರಿ. 30 ದಾಟಿದರೆ ಸಂಕಟ ಶುರು. ಅದು ಬೆವರುವುದಿಲ್ಲ, ನಾಯಿಯಂತೆ ನಾಲಗೆ ಚಾಚಿ ತೇಕಿ ತಣಿಯುವುದೂ ಬಾರದು. ಶಾಖ ಬಿಡುವ ದಾರಿ ಮುಖ್ಯವಾಗಿ ಕಿವಿ. ಅಂಥ ಪ್ರಾಣಿಯನ್ನು ಮಹಡಿ ಮೇಲಿನ ತಗಡಿನ ಶೆಡ್ಡಿನಲ್ಲಿಟ್ಟು, ನೀರಿನ ಬಾಟಲಿ ನೇತು ಹಾಕಿ ಕೆಲಸಕ್ಕೆ ಹೋದರೆ ಸಂಜೆ ಬರುವಷ್ಟರಲ್ಲಿ ಏನಾಗಿರುತ್ತದೆ ಎಂದು ಬೇರೆ ಹೇಳಬೇಕೆ? ಆ ಬಾಟಲಿಯದೂ ಒಂದು ಕಥೆ: ಬೋರ್‌ವೆಲ್ಲಿನ ಗಡಸು ನೀರು ನಿಪ್ಪಲ್ಲಿನೊಳಗೆ ಸುಣ್ಣ ಕಟ್ಟಿ, ಬಾಟಲಿ ತುಂಬಿದ್ದರೂ ಹನಿ ಬೀಳುವುದಿಲ್ಲ. ಮಣ್ಣಿನ ಬಟ್ಟಲೇ ವಾಸಿ, ನೀರೂ ತಣ್ಣಗಿರುತ್ತದೆ.

ಹಳೆಯ ಮಾಳಿಗೆ ಮನೆಯಿದ್ದವರು ಪುಣ್ಯವಂತರು. ಮಣ್ಣಿನ ಮಾಳಿಗೆಯ ಕೆಳಗೆ, ಕಡಪ ಬಂಡೆಯ ನೆಲದ ಮೇಲೆ ಮೊಲ ಹೊಟ್ಟೆ ಹಚ್ಚಿ ಮಲಗಿದರೆ ಮೇ ತಿಂಗಳೂ ಕಳೆಯುತ್ತದೆ. ತಗಡಿನ ಮನೆಯವರು ಮೇಲೆ ಜೋಳದ ಸಪ್ಪೆಯೋ ತೆಂಗಿನ ಗರಿಯೋ ಹೊದಿಸಿ, ಗೂಡಿನ ಎರಡು ಬದಿಗೆ ಒದ್ದೆ ಗೋಣಿಚೀಲ ಇಳಿಬಿಡಿ. ನಾಲ್ಕೂ ಬದಿ ಮುಚ್ಚಿದರೆ ಅದು ಇಡ್ಲಿ ಪಾತ್ರೆಯಾಗುತ್ತದೆ, ಗಾಳಿ ಆಡಬೇಕು. ಫ್ರಿಜ್ಜಿದ್ದರೆ ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ಕಿವಿ ಕಾದ ಕಾವಲಿಯಂತಾಗಿ, ಮರಿ ಕಾಲು ಚೆಲ್ಲಿ ಏದುಸಿರು ಬಿಡುತ್ತಿದ್ದರೆ ಅದು ಬಿಸಿಲ ಹೊಡೆತ. ನೆರಳಿಗೆ ಒಯ್ದು, ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಕಿವಿ, ಪಾದ ಒರೆಸಿ. ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಸಣ್ಣಗೆ ಗಾಳಿ ಬೀಸಿ. ಬಕೆಟ್ಟಿನಲ್ಲಿ ಮುಳುಗಿಸಬಾರದು, ಐಸು ಉಜ್ಜಬಾರದು. ಆ ಆಘಾತಕ್ಕೇ ಎದೆ ನಿಲ್ಲಬಹುದು. ತಾನಾಗಿ ಕುಡಿದರೆ ಕುಡಿಯಲಿ, ಬಾಯಿಗೆ ಸುರಿಯಬೇಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಿ, ಒಳಗಿನ ಪೆಟ್ಟು ಆಮೇಲೆ ಗೊತ್ತಾಗುತ್ತದೆ.

ಇನ್ನು ಉಚ್ಚೆ. ಮೊಲದ ಮೂತ್ರದಿಂದ ಏಳುವ ಅಮೋನಿಯಾ ಮೂಗಿನ ಒಳಪೊರೆಯನ್ನು ಸುಡುತ್ತದೆ, ಸುಟ್ಟ ಜಾಗಕ್ಕೆ ಪಾಶ್ಚುರೆಲ್ಲಾ ಬಂದು ಕೂರುತ್ತದೆ. ನಿಂತು ಮೂಸಿದರೆ ತಿಳಿಯದು. ನೆಲಕ್ಕೆ ಕೂತು, ಮರಿಯ ಮೂಗಿನ ಎತ್ತರಕ್ಕೆ ನಿಮ್ಮ ಮುಖ ತಂದು ಒಮ್ಮೆ ಉಸಿರೆಳೆಯಿರಿ. ನಿಮ್ಮ ಕಣ್ಣು ಚುರುಗುಟ್ಟಿದರೆ ಇಡೀ ರಾತ್ರಿ ಅಲ್ಲೇ ಮಲಗಿದ ಮರಿಯ ಗತಿ ಯೋಚಿಸಿ. ಹಾಸು ದಿನಾ ಬದಲಿಸಬೇಕು. ಮೂತ್ರದಲ್ಲಿ ಸುಣ್ಣದಂಶ ಹೆಚ್ಚು, ತಟ್ಟೆಗೆ ಬಿಳಿ ಗಾರೆಯಂತೆ ಕಟ್ಟುತ್ತದೆ. ವಿನಿಗರ್ ಅಥವಾ ಹಿತ್ತಾಳೆ ಪಾತ್ರೆಗೆ ಬಳಸುವ ಹುಣಸೆ ನೀರು ಅದನ್ನು ಬಿಡಿಸುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಮಾತ್ರ ಹುಳಿ ಬೆರೆಸಬೇಡಿ, ಏಳುವ ಗಾಳಿ ನಿಮಗೂ ವಿಷ. ತೊಳೆದ ಮೇಲೆ ಬಿಸಿಲಿಗೆ ಒಣಗಿಸಿ. ನಮ್ಮೂರಲ್ಲಿ ಪುಕ್ಕಟೆ ಸಿಗುವುದು ಅದೊಂದೇ.

ಹಾಸಿಗೆ ಬಹಳ ಮನೆಯಲ್ಲಿ ಶೇಂಗಾ ಹೊಟ್ಟು ಹಾಕುತ್ತಾರೆ, ಕೈಗೆ ಸಿಗುವುದೇ ಅದು. ಹೊಸದಾಗಿ, ಖಡಕ್ ಒಣಗಿದ್ದರೆ, ದೂಳು ಜಾಡಿಸಿದ್ದರೆ ನಡೆದೀತು. ಕಣದಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಹೊಟ್ಟು ಮಾತ್ರ ಬೇಡವೇ ಬೇಡ. ಬೂಷ್ಟಿನ ಪುಡಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದೇ ಬೂಷ್ಟು ಬಿಡುವ ಅಫ್ಲಟಾಕ್ಸಿನ್ ಯಕೃತ್ತಿಗೆ ಹೊಡೆಯುತ್ತದೆ. ಅಡ್ಡೆಯಿಂದ ತರುವ ಗರಗಸದ ಪುಡಿಯೂ ದೂಳೇ. ಸೊಳ್ಳೆ ಬತ್ತಿ, ಲೋಬಾನ, ಊದುಬತ್ತಿ, ಒಲೆಯ ಹೊಗೆ ಇರುವ ಕೋಣೆಯಲ್ಲಿ ಮೊಲ ಇಡಬೇಡಿ.

ಕುರಿ ಕಾಯುವವರಿಗೆ ಹೇಳಬೇಕಾಗಿಲ್ಲದ ಇನ್ನೊಂದು ಮಾತು ಮೊಲ ಸಾಕುವವರಿಗೆ ಹೇಳಬೇಕು. ಎಳೆ ಜೋಳದ ಸಸಿ, ಕೊಯ್ದ ಮೇಲೆ ಚಿಗುರುವ ಕೂಳೆ, ಮಳೆ ಕೈಕೊಟ್ಟು ಬಾಡಿದ ಜೋಳದ ಬೆಳೆ, ಇವುಗಳಲ್ಲಿ ಸೈನೈಡ್ ಹುಟ್ಟುತ್ತದೆ. ಮೇದ ಪ್ರಾಣಿ ಉಸಿರಿಗೆ ಒದ್ದಾಡಿ ನಿಮಿಷಗಳಲ್ಲೇ ಬೀಳಬಹುದು. ಹಸಿರು ಕಂಡಿತೆಂದು ಮೊಲಕ್ಕೆ ಕಿತ್ತು ತರಬೇಡಿ. ಗರಿಕೆ ಇದೆ, ಬೆಳೆಯುವ ಮರಿಗೆ ಕುದುರೆ ಮೆಂತ್ಯ ಇದೆ, ಒಣ ಹುಲ್ಲು ಇದೆ.

ಎದೆಯದಲ್ಲ, ಹೊಟ್ಟೆಯದು

ಉಸಿರು ಮೇಲಾದ ಮರಿಗಳೆಲ್ಲ ಎದೆಯ ರೋಗದವಲ್ಲ. ಮೊಲದ ಎದೆಗೂಡು ಚಿಕ್ಕದು, ಹೊಟ್ಟೆ ದೊಡ್ಡದು. ಮೈದಾ ಬಿಸ್ಕತ್ತು, ಅನ್ನ, ಬ್ರೆಡ್ಡು ತಿನ್ನಿಸಿ ಹೊಟ್ಟೆ ಉಬ್ಬಿದರೆ ಅದು ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು ಒತ್ತಿ ಉಸಿರು ಕಟ್ಟಿಸುತ್ತದೆ. ಮರಿ ಗೂನು ಬೆನ್ನಾಗಿ ಕೂತು ಹಲ್ಲು ಕಡಿಯುತ್ತದೆ, ಹಿಕ್ಕೆ ನಿಂತಿರುತ್ತದೆ, ಹೊಟ್ಟೆ ಬೆರಳಿನಿಂದ ತಟ್ಟಿದರೆ ಬಿಗಿ. ಮೂಗು, ಮುಂಗಾಲು ಚೊಕ್ಕಟ. ಇದೂ ತುರ್ತೇ, ಆದರೆ ವೈದ್ಯರಿಗೆ ಹೇಳುವ ಮಾತು ಬೇರೆ. ಆದ್ದರಿಂದ ಕೊನೆಯ ಬಾರಿ ಯಾವಾಗ ತಿಂದಿತು, ಯಾವಾಗ ಹಿಕ್ಕೆ ಹಾಕಿತು ಎರಡನ್ನೂ ನೆನಪಿಟ್ಟು ಹೋಗಿ.

ಹಾಲು ಕುಡಿಯುವ ಮರಿಗಳಲ್ಲಿ ಉಸಿರಾಟದ ತೊಂದರೆಗೆ ಹೆಚ್ಚಾಗಿ ನಮ್ಮ ಪ್ರೀತಿಯೇ ಕಾರಣ. ತಾಯಿಮೊಲ ದಿನಕ್ಕೆ ಒಂದೋ ಎರಡೋ ಬಾರಿ, ಅದೂ ನಾಲ್ಕೈದು ನಿಮಿಷ ಮಾತ್ರ, ಸಾಮಾನ್ಯವಾಗಿ ರಾತ್ರಿಯೋ ನಸುಕಿನಲ್ಲೋ ಹಾಲೂಡಿಸುತ್ತದೆ. ಉಳಿದ ಹೊತ್ತು ಗೂಡಿನ ಹತ್ತಿರವೂ ಸುಳಿಯದು. ಅದನ್ನು ನೋಡಿದ ಮನೆಯವರು ತಾಯಿ ಕೈಬಿಟ್ಟಿತೆಂದು ಫಿಲ್ಲರಿನಲ್ಲಿ ಆಕಳ ಹಾಲು ಹಿಡಿದು, ಮರಿಯನ್ನು ಕೂಸಿನಂತೆ ಬೆನ್ನ ಮೇಲೆ ಮಲಗಿಸಿ ಹಿಂಡುತ್ತಾರೆ. ಹಾಲು ಶ್ವಾಸಕೋಶಕ್ಕೆ ಇಳಿದು, ಮೂಗಿನಲ್ಲಿ ಗುಳ್ಳೆ ಬಂದು, ಎರಡು ದಿನದಲ್ಲಿ ನ್ಯುಮೋನಿಯಾ. ಬೆಳಿಗ್ಗೆ ಮರಿಯ ಹೊಟ್ಟೆ ದುಂಡಗೆ, ಮೈ ಬೆಚ್ಚಗೆ ಇದ್ದರೆ ತಾಯಿ ಬಂದು ಹೋಗಿದೆ, ನೀವು ಸುಮ್ಮನಿರಿ. ಹೊಟ್ಟೆ ಒಳಗೆ ಹೋಗಿ ಚರ್ಮ ಸುಕ್ಕಾಗಿದ್ದರೆ ಮಾತ್ರ ವೈದ್ಯರನ್ನು ಕೇಳಿ ಮೇಲುಹಾಲು. ಆಗಲೂ ಮರಿಯ ಹೊಟ್ಟೆ ಕೆಳಗಿರಬೇಕು, ತಲೆ ತುಸು ಮೇಲೆ, ಬಾಯಿಯ ಪಕ್ಕದಿಂದ ಹನಿ ಹನಿ. ನುಂಗಿದ ಮೇಲೆಯೇ ಮುಂದಿನ ಹನಿ.

ಔಷಧಿ ಯಾವುದು, ಯಾರ ಕೈಯಿಂದ

ಈಗ ಆ ಸಿರಪ್ಪಿನ ಮಾತು. ಮೊಲದ ಹೊಟ್ಟೆಯಲ್ಲಿ ಸೀಕಂ ಎಂಬ ದೊಡ್ಡ ಚೀಲವಿದೆ. ಹುಲ್ಲಿನ ನಾರನ್ನು ಕೊಳೆಸಿ ಅನ್ನ ಮಾಡುವ ಒಳ್ಳೆಯ ಜೀವಾಣುಗಳ ಊರು ಅದು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಾಮೈಸಿನ್ ಬಾಯಿಂದ ಹೋದರೆ ಆ ಊರೇ ಹಾಳಾಗಿ, ಕ್ಲಾಸ್ಟ್ರಿಡಿಯಂ ಎಂಬ ವಿಷಕಾರಿ ಜೀವಾಣು ರಾಜ್ಯಭಾರಕ್ಕೆ ನಿಲ್ಲುತ್ತದೆ. ಭೇದಿಯಾಗಿ ಮರಿ ಕೆಲವೇ ದಿನಗಳಲ್ಲಿ ಸಾಯಬಹುದು. ಮಕ್ಕಳಿಗೆ ಒಗ್ಗಿದ ಔಷಧಿ, ಕುರಿಗೆ ತಂದಿಟ್ಟ ಔಷಧಿ, ಯಾವುದೂ ಮೊಲಕ್ಕೆ ತಾನಾಗಿ ಹೊಂದುವುದಿಲ್ಲ. ಮೊಲಕ್ಕೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ. ಪ್ರಮಾಣ ಮರಿಯ ತೂಕದ ಮೇಲೆ ನಿಲ್ಲುತ್ತದೆ, ಅದಕ್ಕೇ ಇಲ್ಲಿ ಬರೆಯುವುದಿಲ್ಲ. ತರಕಾರಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿಸಿಕೊಂಡು ಹೋಗಿ, ವೈದ್ಯರಿಗೆ ಅರ್ಧ ಕೆಲಸ ಕಡಿಮೆ. ಚಿಕಿತ್ಸೆ ಎರಡು ವಾರವೋ ಇನ್ನೂ ಹೆಚ್ಚೋ ಆಗಬಹುದು. ನಾಲ್ಕನೇ ದಿನಕ್ಕೆ ಸೀನು ನಿಂತಿತೆಂದು ಬಿಟ್ಟರೆ ಕಾಯಿಲೆ ಇನ್ನಷ್ಟು ಗಟ್ಟಿಯಾಗಿ ಮರಳುತ್ತದೆ, ಕಿವಿಯೊಳಗೆ ಇಳಿದು ಕತ್ತು ವಾಲುವುದೂ ಉಂಟು.

ಮನೆಯಲ್ಲಿ ನೀವು ಮಾಡುವುದು ಇಷ್ಟು: ಉಗುರು ಬೆಚ್ಚಗಿನ ಸಲೈನಿನಲ್ಲಿ ಹತ್ತಿ ಅದ್ದಿ ಮೂಗಿನ ಗೊಣ್ಣೆ ನೆನೆಸಿ ಒರೆಸಿ, ದಿನಕ್ಕೆ ಮೂರು ನಾಲ್ಕು ಸಲ. ವೈದ್ಯರು ಹೇಳಿದರೆ ಮಕ್ಕಳ ನೆಬ್ಯುಲೈಸರಿನಲ್ಲಿ ಬರೀ ಸಲೈನಿನ ಹಬೆ. ವಿಕ್ಸ್, ನೀಲಗಿರಿ ಎಣ್ಣೆ, ಮೆಣಸು, ಶುಂಠಿ ಬೇಡ. ಕಮ್ಮನೆಯ ವಾಸನೆಗೆ ಮೂಗು ತೆರೆಯಲೆಂದು ಕೊತ್ತಂಬರಿ, ಪುದೀನ ಮುಂದಿಡಿ. ಮೊಲವನ್ನು ಉಪವಾಸ ಕೆಡವಬಾರದು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದೇ ಇನ್ನೊಂದು ತುರ್ತು. ಏದುಸಿರಿನ ಮರಿಯನ್ನು ಅಂಗಾತ ಮಲಗಿಸಬೇಡಿ, ಕಿವಿ ಹಿಡಿದು ಎತ್ತಬೇಡಿ, ಎದೆ ಅಮುಕಬೇಡಿ. ಕಾಯಿಲೆಯದನ್ನು ಬೇರೆ ಕೋಣೆಗೆ ಹಾಕಿ, ಆರೋಗ್ಯದ್ದಕ್ಕೆ ಮೊದಲು ಮೇವು, ಕಾಯಿಲೆಯದಕ್ಕೆ ಆಮೇಲೆ, ಕೈ ಸೋಪಿನಲ್ಲಿ ತೊಳೆಯಿರಿ. ಹೊಸ ಮರಿ ತಂದಾಗಲೂ ಎರಡರಿಂದ ನಾಲ್ಕು ವಾರ ಬೇರೆ. ಗಿನಿಯಿಲಿಯ ಜೊತೆ ಒಂದೇ ಗೂಡಿನಲ್ಲಿ ಹಾಕಲೇಬೇಡಿ, ಮೊಲದ ಮೂಗಿನಲ್ಲಿ ಸುಮ್ಮನಿದ್ದ ಬಾರ್ಡೆಟೆಲ್ಲಾ ಗಿನಿಯಿಲಿಯನ್ನು ಕೊಲ್ಲಬಹುದು.

ಎಲ್ಲಿಗೆ ಒಯ್ಯುವುದು? ಮೊದಲು ನಿಮ್ಮ ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆ. ಅಲ್ಲಿಯ ವೈದ್ಯರು ದಿನವಿಡೀ ಎಮ್ಮೆ, ಕುರಿ ನೋಡುವವರು, ಮೊಲ ಅಪರೂಪ. ಅದಕ್ಕೆ ಸಂಕೋಚ ಬೇಡ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಅವರಿಗೆ ತಿಳಿಯುವುದು ನಿಮಗೆ ತಿಳಿಯದು. ಬಾಯಿಂದ ಕೊಡಬಾರದ ಔಷಧಿಗಳ ವಿಷಯ ನೀವೇ ವಿನಯದಿಂದ ಎತ್ತಿದರೂ ತಪ್ಪಿಲ್ಲ. 1962ಕ್ಕೆ ಫೋನು ಮಾಡಿದರೆ ಸಿಗುವ ಸಂಚಾರಿ ಪಶು ಚಿಕಿತ್ಸಾ ವಾಹನ ಮುಖ್ಯವಾಗಿ ದನ ಕುರಿಗಳಿಗಾಗಿ ಇರುವುದು, ಆದರೂ ಕೇಳಿ ನೋಡಲು ಅಡ್ಡಿಯಿಲ್ಲ. ಅದಕ್ಕೂ ಮೀರಿದರೆ ಹಡಗಲಿಯವರಿಗೆ ತುಂಗಭದ್ರೆ ದಾಟಿ ಮುಂಡರಗಿ ಮೇಲೆ ಗದಗಿನ ಪಶುವೈದ್ಯಕೀಯ ಕಾಲೇಜು ಹತ್ತಿರ. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದರೂ ಅಲ್ಲಿಯವರ ಕಾಲು ಇನ್ನೂ ದಾವಣಗೆರೆಯ ಕಡೆಗೇ ಎಳೆಯುತ್ತದೆ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೂ ಅದೇ ದಾರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ. ಕಾಯುವಷ್ಟು ಸಮಯವಿದ್ದರೆ ಬೆಳಗಿನ ಮೊದಲ ಬಸ್ಸಿಗೆ ಹೊರಡಿ. ಡಬ್ಬಿಯ ಎರಡು ಬದಿಗೆ ತೂತು ಹಾಕಿ, ಬೈಕಿನಲ್ಲಾದರೆ ಎದುರುಗಾಳಿ ನೇರ ಹೊಡೆಯದಂತೆ ಹಿಡಿಯಿರಿ.

ಹೊಲದಲ್ಲಿ ಜೋಳ ಕೊಯ್ಯುವಾಗ ಸಿಕ್ಕ ಮರಿಯನ್ನು ತಂದು ಇದಕ್ಕೂ ಉಸಿರು ಜೋರೈತಿ ಎಂದು ಕೇಳುವವರಿದ್ದಾರೆ. ಅದು ಕಾಡುಮೊಲ, ಬೇರೆಯೇ ಪ್ರಾಣಿ. ಸಾಕುಮೊಲದ ಮರಿ ಬತ್ತಲೆ, ಕಣ್ಣು ಮುಚ್ಚಿಕೊಂಡು ಹುಟ್ಟಿದರೆ, ಕಾಡುಮೊಲದ್ದು ಮೈತುಂಬ ಕೂದಲು, ತೆರೆದ ಕಣ್ಣು ಹೊತ್ತೇ ಹುಟ್ಟುತ್ತದೆ. ಅದರ ಉಸಿರು ಜೋರಾಗಿರುವುದು ನಿಮ್ಮ ಭಯಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಸಿಕ್ಕ ಸಾಲಿನಲ್ಲೇ ಬಿಟ್ಟು ಬನ್ನಿ, ಕತ್ತಲಾದ ಮೇಲೆ ತಾಯಿ ಬರುತ್ತದೆ.

ಪಕ್ಕದ ಮನೆಯ ಮರಿಯನ್ನು ಆ ಮಧ್ಯಾಹ್ನವೇ ಒಯ್ದೆವು. ಒದ್ದೆ ಬಟ್ಟೆಯ ಮೇಲೆ ಕೂರಿಸಿಕೊಂಡು, ಎರಡು ಗಂಟೆಯ ಬಿಸಿಲಲ್ಲಿ. ಎದೆಯಲ್ಲಿ ಸದ್ದಿದೆ ಎಂದರು ವೈದ್ಯರು, ಎರಡು ವಾರದ ಔಷಧಿ ಬರೆದರು. ತಗಡಿನ ಶೆಡ್ಡಿನಿಂದ ಗೂಡು ನಡುಮನೆಯ ಬಂಡೆಯ ಮೇಲಕ್ಕೆ ಇಳಿಯಿತು. ತಾತ ಮೆಣಸು ಬೆಲ್ಲದ ಮಾತು ಎತ್ತಲಿಲ್ಲ, ಆದರೆ ಗರಿಕೆ ಕಿತ್ತು ತರುವ ಕೆಲಸ ತಾವೇ ವಹಿಸಿಕೊಂಡರು. ಹುಡುಗಿ ದಿನಾ ಸಂಜೆ 30 ಸೆಕೆಂಡು ಎಣಿಸಿ, ಅವ್ವ ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ಅದೇ ಚೌಕದೊಳಗೆ ಬರೆಯತೊಡಗಿದಳು. ಒಂದು ಲೀಟರ್, 96. ಒಂದು ಲೀಟರ್, 84. ಒಂದೂವರೆ ಲೀಟರ್, 88. ಹತ್ತನೆಯ ದಿನ ಅರ್ಧ ಲೀಟರ್, 58. ತಿಂಗಳ ಕೊನೆಗೆ ಹಾಲಿನವನು ಲೆಕ್ಕ ನೋಡಲು ಬಂದು, ಇದ್ಯಾವ ಎಮ್ಮಿ ಲೆಕ್ಕ ತಂಗೀ ಎಂದು ಕೇಳಿದನಂತೆ.